ಬ್ರೂಟನ್ ಚರ್ಚಿನಲ್ಲಿ ಯಾರ ಪೀಠ ಎಲ್ಲಿ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ವಾಷಿಂಗ್ಟನ್ ಡಿ.ಸಿ. ನೋಡದೆ ಬರುವುದಿಲ್ಲ. ಇನ್ನೆರಡು ದಿನ ಬಿಡುವಿದ್ದರೆ ಅಲ್ಲಿಂದ ದಕ್ಷಿಣಕ್ಕೆ ಸುಮಾರು 240 ಕಿ.ಮೀ. ದೂರದ ವಿಲಿಯಮ್ಸ್‌ಬರ್ಗ್‌ಗೂ ಹೋಗಿಬನ್ನಿ. ಬ್ರಿಟಿಷರ ಕಾಲದಲ್ಲಿ ವರ್ಜೀನಿಯಾದ ರಾಜಧಾನಿಯಾಗಿದ್ದ ಊರು. ಅದರ ನಟ್ಟನಡುವೆ, ಡ್ಯೂಕ್ ಆಫ್ ಗ್ಲಾಸ್ಟರ್ ಬೀದಿಯಲ್ಲಿದೆ ಬ್ರೂಟನ್ ಪ್ಯಾರಿಷ್ ಚರ್ಚು.

ಹಿನ್ನೆಲೆ: ಈ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಹುಟ್ಟಿದ್ದು 1674ರಲ್ಲಿ. ಶಿಲುಬೆಯಾಕಾರದ ಈಗಿನ ಇಟ್ಟಿಗೆ ಕಟ್ಟಡ ಮುಗಿದದ್ದು 1715ರಲ್ಲಿ. ನಕ್ಷೆ ಗವರ್ನರ್ ಅಲೆಕ್ಸಾಂಡರ್ ಸ್ಪಾಟ್ಸ್‌ವುಡ್‌ನದು. ಗೋಪುರ ಸೇರಿದ್ದು 1769ರಲ್ಲಿ. ಆಗ ಚರ್ಚ್ ಆಫ್ ಇಂಗ್ಲೆಂಡ್ ಎಂದರೆ ಸರ್ಕಾರದ್ದೇ ಅಂಗ. ಜನ ಅದಕ್ಕೆ ಹೊಗೆಸೊಪ್ಪಿನ ರೂಪದಲ್ಲಿ ತೆರಿಗೆ ಕಟ್ಟಬೇಕಿತ್ತು, ಆರಾಧನೆಗೆ ಬಾರದವರಿಗೆ ದಂಡ ಬೀಳುತ್ತಿತ್ತು. ಬಡವರ ಪೋಷಣೆಯೂ ಚರ್ಚಿನದೇ ಹೊಣೆ. ಥಾಮಸ್ ಜೆಫರ್ಸನ್ ಬರೆದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ 1786ರಲ್ಲಿ ಜಾರಿಯಾದ ಮೇಲೆ ಈ ಕಟ್ಟುಪಾಡು ಹೋಯಿತು. ಇಂಗ್ಲೆಂಡಿನ ದೊರೆಯ ಹಂಗು ಕಳಚಿದ ಚರ್ಚು 1789ರಲ್ಲಿ ಎಪಿಸ್ಕೋಪಲ್ ಚರ್ಚಾಗಿ ಹೊಸ ರೂಪ ಪಡೆಯಿತು.

ಒಳಗೆ ಏನು ನೋಡಬೇಕು: ಯಾರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ನೋಡಿ, ಅಂದಿನ ಸಮಾಜದ ಮೇಲು ಕೀಳು ತಾನೇ ತಿಳಿಯುತ್ತದೆ. ಗವರ್ನರ್‌ಗೆ ಮೇಲ್ಕಟ್ಟಿನ ಪೀಠ. ಶ್ರೀಮಂತರಿಗೆ ಬಾಗಿಲುಳ್ಳ ಪೆಟ್ಟಿಗೆಯಂಥ ಆಸನಗಳು. ಊರಿನ ಕಾಲೇಜಿನ ಹುಡುಗರಿಗೆ ಪಶ್ಚಿಮದ ಗ್ಯಾಲರಿ; ಅವರು ಅಲ್ಲಿನ ಕಟಕಟೆಯ ಮರದ ಮೇಲೆ ಕೆತ್ತಿದ ಹೆಸರಿನ ಅಕ್ಷರಗಳು ಇನ್ನೂ ಇವೆ. ಪ್ರವಚನ ಬೇಸರ ತರಿಸುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ! 1774ರ ಜೂನ್ 1ರಂದು, ಬ್ರಿಟಿಷರು ಬಾಸ್ಟನ್ ಬಂದರನ್ನು ಮುಚ್ಚಿದ್ದಕ್ಕೆ ಪ್ರತಿಭಟನೆಯಾಗಿ ವರ್ಜೀನಿಯಾದ ಶಾಸಕರು ಉಪವಾಸವಿದ್ದು ಪ್ರಾರ್ಥಿಸಿದ್ದು ಇಲ್ಲೇ. ಜಾರ್ಜ್ ವಾಷಿಂಗ್ಟನ್ ಕೂಡ ಅವರಲ್ಲಿದ್ದರು. 1761ರ ಗಂಟೆ ಇಂದಿಗೂ ಮೊಳಗುತ್ತದೆ.

ಈ ಹಳೆಯ ಊರು ಮತ್ತೆ ಎದ್ದು ನಿಂತದ್ದರಲ್ಲೂ ಚರ್ಚಿನ ಪಾಲು ದೊಡ್ಡದು. ಇಲ್ಲಿನ ಪಾದ್ರಿ ಡಬ್ಲ್ಯು. ಎ. ಆರ್. ಗುಡ್‌ವಿನ್ 1926ರಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರನ್ನು ಒಪ್ಪಿಸಿದ್ದರಿಂದಲೇ ಜೀರ್ಣೋದ್ಧಾರಕ್ಕೆ ಹಣ ಹರಿದುಬಂತು.

ಹೋಗುವ ಮುನ್ನ: ಊರಿಗೆ ಆಮ್‌ಟ್ರ್ಯಾಕ್ ರೈಲಿದೆ, ವಿಮಾನದಲ್ಲಾದರೆ ರಿಚ್ಮಂಡ್‌ಗೆ ಇಳಿಯಬಹುದು. ಬೇಸಿಗೆಯ ಸೆಕೆ ನಮ್ಮ ಮಂಗಳೂರನ್ನು ನೆನಪಿಸುತ್ತದೆ. ಏಪ್ರಿಲ್, ಮೇ, ಅಕ್ಟೋಬರ್ ಹಿತ. ಮ್ಯೂಸಿಯಂ ಮನೆಗಳಿಗೆ ಟಿಕೆಟ್ ಬೇಕು, ಚರ್ಚಿಗೆ ಬೇಡ, ಕಾಣಿಕೆ ನಿಮ್ಮಿಷ್ಟ. ಭಾನುವಾರ ಬೆಳಗ್ಗೆ ಆರಾಧನೆಯಿರುವುದರಿಂದ ಸುತ್ತಿ ನೋಡಲು ಬೇರೆ ದಿನ ಆರಿಸಿಕೊಳ್ಳಿ. ಸಂಜೆ ಮೋಂಬತ್ತಿ ಬೆಳಕಿನ ಸಂಗೀತ ಕಛೇರಿ ಇದ್ದರೆ ಬಿಡಬೇಡಿ.

ಹತ್ತಿರದಲ್ಲೇ: ಯಾರ್ಕ್‌ಟೌನ್ ಸುಮಾರು 20 ಕಿ.ಮೀ. ಅಲ್ಲಿ 1781ರಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕೊಂಡೊಯ್ದವನು.

ಕೊನೆಗೆ ಮತ್ತೆ ಚರ್ಚಿಗೇ ಬರೋಣ. ಬ್ರೂಟನ್ನಿನ ದಾಖಲೆಗಳಲ್ಲಿ ದೀಕ್ಷಾಸ್ನಾನ ಪಡೆದ ಸಾವಿರಕ್ಕೂ ಹೆಚ್ಚು ಗುಲಾಮರ ಲೆಕ್ಕವಿದೆ. ನ್ಯಾಸೋ ಬೀದಿಯ ಕಡೆಗೆ ನಡೆದರೆ ಕಪ್ಪು ಮಕ್ಕಳಿಗಾಗಿ 1760ರಲ್ಲಿ ತೆರೆದ ಬ್ರೇ ಶಾಲೆಯ ಕಟ್ಟಡವೂ, ಗುಲಾಮರೂ ಸ್ವತಂತ್ರ ಕಪ್ಪು ಜನರೂ ಸೇರಿ 1776ರಲ್ಲಿ ಆರಂಭಿಸಿದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಹಳೆಯ ನೆಲೆಯೂ ಸಿಗುತ್ತವೆ. ಇವೆರಡನ್ನು ನೋಡದೆ ಮರಳಿದರೆ ಬ್ರೂಟನ್ ಚರ್ಚನ್ನು ಅರ್ಧ ಮಾತ್ರ ನೋಡಿದಂತೆ.