ಕೊನೆಗೊಯ್ಲಿಗೆ ಕರೆಯುವ ಮುಂಚೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟದ ಯಜಮಾನರೇ, ಲೈನ್ ಮನೆಯ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ ಕೂಡಲೇ ಅವನನ್ನು ಅಡಿಕೆ ಮರ ಹತ್ತಿಸಬೇಡಿ. ಅವನಪ್ಪನೂ ಅದನ್ನೇ ಮಾಡಿದ್ದ ಅನ್ನುವುದು ಸಮರ್ಥನೆಯಲ್ಲ. 14 ತುಂಬಿದವರು ಐಟಿಐ ಸೇರಬಹುದು. ಅರ್ಜಿ ಹಾಕಲು ನೀವೇ ಜೊತೆಗೆ ಹೋಗಿ; ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯುವಷ್ಟರಲ್ಲೇ ಎಷ್ಟೋ ಮಕ್ಕಳು ಸೋತುಹೋಗುತ್ತಾರೆ. 18 ಆದಮೇಲೆ ರುಡ್‌ಸೆಟ್ ಇದೆ. 1982ರಲ್ಲಿ ಘಟ್ಟದ ಕೆಳಗಿನ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳೊಡನೆ ಹುಟ್ಟುಹಾಕಿದ ಸಂಸ್ಥೆ. ತರಬೇತಿ, ಊಟ, ವಸತಿ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ ಕಲಿಸಿ, ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುತ್ತಾರೆ. ಹೆಣ್ಣುಮಕ್ಕಳಿಗೂ, ಗಮನಿಸಿ. ಫಲಿತಾಂಶ ಬಂದ ವಾರವೇ ಲೈನ್ ಮನೆಗೆ ಹೋಗಿ ಇಷ್ಟನ್ನು ಹೇಳಿಬನ್ನಿ.