ಫಾರಂ ತುಂಬುವಾಗ ನಿಜ ಹೇಳು

ಕಾಲೇಜಿನ ಎನ್ನೆಸ್ಸೆಸ್ ಶಿಬಿರದಲ್ಲಿ ರಕ್ತ ಕೊಡೋಕೆ ಹೆಸರು ಬರೆಸಿದ್ದೀಯಂತೆ. ಕೇಳಿ ಹೊಟ್ಟೆ ತಂಪಾಯಿತು ಪುಟ್ಟಿ. ನಿನ್ನಮ್ಮನಿಗೆ ಸೂಜಿಯದೇ ಚಿಂತೆ. ಈ ದೊಡ್ಡಮ್ಮನಿಗೆ ಅದಿಲ್ಲ. ಚುಚ್ಚುವಾಗ ಚುರುಕ್ ಅನ್ನುತ್ತೆ, 350 ಮಿಲಿ ರಕ್ತ ಚೀಲಕ್ಕಿಳಿಯೋಕೆ ಹತ್ತು ನಿಮಿಷ ಸಾಕು. ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಮಾತು.

ಮಂಚ ಹತ್ತುವ ಮೊದಲು ಕೈಗೊಂದು ಫಾರಂ ಕೊಡುತ್ತಾರೆ. ಈಚೆಗೆ ಜ್ವರ ಬಂದಿತ್ತಾ, ಯಾವ ಮಾತ್ರೆ ತಗೊಳ್ತಿದ್ದೀಯ, ಕಾಮಾಲೆ ಆಗಿತ್ತಾ, ಟ್ಯಾಟೂ ಹಾಕಿಸಿಕೊಂಡಿದ್ದೀಯಾ ಅಂತೆಲ್ಲ ಕೇಳಿರುತ್ತಾರೆ. ತೀರಾ ಖಾಸಗಿ ಪ್ರಶ್ನೆಗಳೂ ಇರುತ್ತವೆ. ಗೆಳತಿಯರ ಗುಂಪಿನಲ್ಲಿ ನಿಂತು ಎಲ್ಲಕ್ಕೂ ‘ಇಲ್ಲ’ ಅಂತ ಗೀಚಿಬಿಡಬೇಡ. ಪಕ್ಕಕ್ಕೆ ಹೋಗಿ ಕೂತು, ಓದಿ ಬರಿ. ಬರೆಯೋಕೆ ಸಂಕೋಚವಾದರೆ ಡಾಕ್ಟರ ಹತ್ತಿರ ಒಬ್ಬಳೇ ಮಾತಾಡು. ಮುಟ್ಟಿನ ದಿನವಾದರೆ ಅದನ್ನೂ ನಾಚದೆ ಹೇಳು, ಆ ದಿನಗಳಲ್ಲಿ ರಕ್ತ ತೆಗೆಯುವುದಿಲ್ಲ.

ಕೊಟ್ಟ ರಕ್ತವನ್ನು ಹೇಗೂ ಪರೀಕ್ಷೆ ಮಾಡ್ತಾರಲ್ಲ ಅಂತ ನೀನು ಕೇಳಬಹುದು. ಮಾಡುತ್ತಾರೆ; ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಎಲ್ಲವನ್ನೂ ನೋಡುತ್ತಾರೆ. ಆದರೆ ಸೋಂಕು ತಗುಲಿದ ಹೊಸದರಲ್ಲಿ ಅದು ಪರೀಕ್ಷೆಯ ಕಣ್ಣಿಗೆ ಬೀಳದೇ ಹೋಗಬಹುದು. ಅಲ್ಲಿ ಕಾಯುವುದು ಕೊಡುವವರ ಬಾಯಿಂದ ಬಂದ ನಿಜವೇ. ನಮ್ಮ ಪ್ರಾಯದಲ್ಲಿ ದುಡ್ಡಿಗಾಗಿ ರಕ್ತ ಮಾರುವವರಿದ್ದರು. ಹೊಟ್ಟೆಪಾಡಿಗೆ ಬಂದವನು ಕಾಯಿಲೆ ಹೇಳಿಕೊಂಡಾನೆಯೇ? ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟ ಮೇಲೆ 1998ರ ಜನವರಿಯಿಂದ ಅದಕ್ಕೆ ನಿಷೇಧ ಬಂತು. ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಎಷ್ಟು ಜನ ಅಪರಿಚಿತರ ಪ್ರಾಮಾಣಿಕತೆಯ ಮೇಲೆ ಆ ಮಗುವಿನ ಜೀವ ನಿಂತಿದೆ, ಯೋಚಿಸು.

ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ, ತೂಕ 45 ಕೆಜಿ ಮುಟ್ಟದಿದ್ದರೆ ವಾಪಸ್ ಕಳಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಹೀಗಾಗುತ್ತದೆ. ಹಾಗಾದರೆ ಅತ್ತುಕೊಂಡು ಬರಬೇಡ. ನಿನ್ನ ಮೈಯಲ್ಲೇ ರಕ್ತ ಕಡಿಮೆಯಿದೆ ಅಂತ ಗೊತ್ತಾದದ್ದು ಒಳ್ಳೆಯದೇ ಆಯಿತು. ಡಾಕ್ಟರಿಗೆ ತೋರಿಸಿ, ಕೊಟ್ಟರೆ ಕಬ್ಬಿಣದ ಮಾತ್ರೆ ನುಂಗು. ಸೊಪ್ಪು, ಹುರುಳಿಕಾಳು ತಿನ್ನು. ಊಟವಾದ ತಕ್ಷಣ ಟೀ ಕುಡಿಯುವ ಚಾಳಿ ಬಿಡು, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಶನಿವಾರದ ಒಪ್ಪತ್ತು ಗಿಪ್ಪತ್ತು ಅಂತ ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ತಿಂಡಿ ತಿಂದು, ನೀರು ಕುಡಿದು ಹೋಗು. ಕೊಟ್ಟಾದ ಮೇಲೆ ದಡಕ್ಕನೆ ಏಳದೆ ಸ್ವಲ್ಪ ಮಲಗಿರು. ತಲೆ ಸುತ್ತಿದರೆ ಅಲ್ಲಿದ್ದವರಿಗೆ ಹೇಳು. ಸ್ಕೂಟರ್ ಹತ್ತುವ ಅವಸರ ಬೇಡ, ಅಪ್ಪ ಬಂದು ಕರಕೊಂಡು ಹೋಗಲಿ.

ಹೆಂಗಸರು ಮತ್ತೆ ಕೊಡೋಕೆ ನಾಲ್ಕು ತಿಂಗಳು ಬಿಡಬೇಕು. ಅಷ್ಟೊತ್ತಿಗೆ ಪರೀಕ್ಷೆ, ರಜೆ ಅಂತ ಕಾಲೇಜಿನಲ್ಲಿ ಶಿಬಿರ ಇರಲಿಕ್ಕಿಲ್ಲ. ಕಾಯುತ್ತಾ ಕೂರದೆ ನೀನೇ ರಕ್ತಕೇಂದ್ರಕ್ಕೆ ಹೋಗು. ನಿನ್ನಮ್ಮ ಬರದಿದ್ದರೆ ನಾನು ಜೊತೆಗೆ ಬರುತ್ತೇನೆ.