ಸಂತ್ರಸ್ತೆಯ ಗುರುತು, ಗೌರವ ಮತ್ತು ಕಾನೂನು

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಬಗ್ಗೆ ಸಮಾಜ ಆಡುವ ಮಾತಿಗೆ ಭಾರತದ ಕಾನೂನು ಹಲವು ಕಡೆ ಮಿತಿ ಹಾಕಿದೆ. ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಬೇಕಿತ್ತು’, ‘ಕೂಗಿಕೊಳ್ಳಲಿಲ್ಲವೇಕೆ’, ‘ಮನೆತನದ ಮರ್ಯಾದೆ ಹೋಯಿತು’ ಎಂಬ ಮಾತುಗಳು ಅಪರಾಧದ ಹೊಣೆಯನ್ನು ನೊಂದವಳ ತಲೆಗೇ ಕಟ್ಟುತ್ತವೆ. ಅವಕ್ಕೆ ಹೆದರಿ ಎಷ್ಟೋ ಮಂದಿ ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಇಂಥ ಮಾತುಗಳಿಗೆ ಕಾನೂನಿನ ಬೆಂಬಲವಿಲ್ಲ ಎಂಬುದನ್ನು ಎಲ್ಲರೂ ಅರಿಯಬೇಕು.

ಗುರುತು ಬಯಲು ಮಾಡುವುದು ಅಪರಾಧ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ, ಅತ್ಯಾಚಾರ ಸಂತ್ರಸ್ತೆಯ ಹೆಸರನ್ನಾಗಲಿ, ಗುರುತು ಸಿಗುವಂಥ ವಿವರವನ್ನಾಗಲಿ ಪ್ರಕಟಿಸಿದವರಿಗೆ 2 ವರ್ಷಗಳವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 228ಎ ಕಲಂ ಹೇಳುತ್ತಿದ್ದುದೂ ಇದನ್ನೇ. ಪತ್ರಿಕೆ, ಟಿ.ವಿ.ಗಳಿಗೆ ಮಾತ್ರವಲ್ಲ, ಸಾಮಾಜಿಕ ಜಾಲತಾಣಗಳಿಗೂ ಈ ನಿರ್ಬಂಧ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹೆಸರು ಬಿಟ್ಟು ಊರು, ಶಾಲೆ, ತಂದೆಯ ಉದ್ಯೋಗ ಬರೆದು ಗುರುತು ಸಿಗುವಂತೆ ಮಾಡುವುದೂ ತಪ್ಪೇ. ಸಂತ್ರಸ್ತೆ ಮೃತಪಟ್ಟಿದ್ದರೂ ಈ ರಕ್ಷಣೆ ಮುಂದುವರಿಯುತ್ತದೆ. ವಯಸ್ಕ ಸಂತ್ರಸ್ತೆ ತಾನೇ ಇಷ್ಟಪಟ್ಟು ಲಿಖಿತ ಒಪ್ಪಿಗೆ ಕೊಟ್ಟರೆ ಹೆಸರು ಪ್ರಕಟಿಸಬಹುದು. ಮಕ್ಕಳ ಗುರುತನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರತ್ಯೇಕವಾಗಿ ಕಾಪಾಡುತ್ತದೆ.

ಠಾಣೆ ಮತ್ತು ಆಸ್ಪತ್ರೆಯಲ್ಲಿ

ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸಂತ್ರಸ್ತೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಅತ್ಯಾಚಾರದಂಥ ಗಂಭೀರ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂ ಅಡಿ 6 ತಿಂಗಳಿಂದ 2 ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ.

ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿಯಿರಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು. ಒಪ್ಪಿಗೆಯಿಲ್ಲದೆ ವೈದ್ಯಕೀಯ ಪರೀಕ್ಷೆ ನಡೆಸುವಂತಿಲ್ಲ. ‘ಎರಡು ಬೆರಳಿನ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಡೆಸುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ತೀರ್ಪಿತ್ತಿದೆ.

ನ್ಯಾಯಾಲಯದಲ್ಲಿ

ಅತ್ಯಾಚಾರದ ವಿಚಾರಣೆ ಸಾರ್ವಜನಿಕರಿಗೆ ಪ್ರವೇಶವಿಲ್ಲದೆ ನಡೆಯಬೇಕು. ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ ಬಂದಾಗ ಸಂತ್ರಸ್ತೆಯ ನಡತೆ, ಹಿಂದಿನ ಲೈಂಗಿಕ ಸಂಬಂಧಗಳು ಅಪ್ರಸ್ತುತ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 48ನೇ ಕಲಂ ಹೇಳುತ್ತದೆ. ಆಕೆ ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತೆಂದು ಭಾವಿಸುವಂತಿಲ್ಲ.

ನ್ಯಾಯಾಲಯಗಳೂ ಈ ವಿಷಯದಲ್ಲಿ ತಮ್ಮ ಮಾತನ್ನು ತಿದ್ದಿಕೊಂಡಿವೆ. ಅತ್ಯಾಚಾರದ ನಂತರ ನಿದ್ದೆ ಹೋದೆ ಎಂಬ ದೂರುದಾರಳ ಹೇಳಿಕೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದು 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಜಾಮೀನು ಆದೇಶವೊಂದರಲ್ಲಿ ಬರೆಯಲಾಗಿತ್ತು. ವ್ಯಾಪಕ ಟೀಕೆಯ ನಂತರ ಆ ಸಾಲನ್ನು ಕೈಬಿಡಲಾಯಿತು. ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಆರೋಪಿಗೆ ಮಧ್ಯಪ್ರದೇಶ ಹೈಕೋರ್ಟ್ ವಿಧಿಸಿದ್ದ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಮಹಿಳೆಯ ಉಡುಪು, ವರ್ತನೆಗಳ ಬಗ್ಗೆ ಟೀಕಿಸಬಾರದು, ರಾಜಿ ಅಥವಾ ಮದುವೆಯ ಸಲಹೆ ಕೊಡಬಾರದು ಎಂದು ಎಲ್ಲ ನ್ಯಾಯಾಲಯಗಳಿಗೂ ಸೂಚಿಸಿತು. ನ್ಯಾಯಾಲಯದಲ್ಲೇ ಸಲ್ಲದ ಇಂಥ ಸಲಹೆಯನ್ನು ಊರ ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರು ಕೊಡುವುದೂ ಸಲ್ಲದು.

ನೆರವು ಎಲ್ಲಿ ಸಿಗುತ್ತದೆ

ತುರ್ತು ಸಂದರ್ಭದಲ್ಲಿ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಅದಕ್ಕಾಗಿ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಸಂಸ್ಥೆಯನ್ನು ಕಾಣಬಹುದು, 15100ಕ್ಕೆ ಕರೆ ಮಾಡಬಹುದು. ಪರಿಹಾರಧನಕ್ಕೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

ಸಂತ್ರಸ್ತೆಯ ಫೋಟೊ, ವಿಡಿಯೊ ಮೊಬೈಲಿಗೆ ಬಂದರೆ ಯಾರಿಗೂ ಕಳುಹಿಸಬೇಡಿ. ನೊಂದವರು ನಿಮ್ಮ ಬಳಿ ಬಂದರೆ ಪ್ರಶ್ನಿಸುವ ಮೊದಲು ಅವರ ಮಾತು ಕೇಳಿ, ಅವರು ಬಯಸಿದರೆ ಠಾಣೆಗೆ, ಆಸ್ಪತ್ರೆಗೆ ಜೊತೆಯಾಗಿ ಹೋಗಿ.